ಕ್ಷಮೆಯ ಲೆಕ್ಕ

ಮುಡುಕುತೊರೆಯ ಬೆಟ್ಟದ ಮೇಲೆ ಮಲ್ಲಿಕಾರ್ಜುನಸ್ವಾಮಿಯ ದರ್ಶನ ಮಾಡಿ ಹೊರಗೆ ಬಂದು ನಿಂತರೆ ಕೆಳಗೆ ಬಳಸಿ ಹರಿಯುವ ಕಾವೇರಿಯೂ, ದೂರದಲ್ಲಿ ತಲಕಾಡಿನ ಮರಳೂ ಕಣ್ಣಿಗೆ ಬೀಳುತ್ತವೆ. ಕಳೆದ ಮಾಘಮಾಸದ ಜಾತ್ರೆಗೆ ನಮ್ಮ ಹಳೆಯ ಸಹೋದ್ಯೋಗಿಗಳೊಬ್ಬರು ಮೈಸೂರಿನಿಂದ ಬಂದಿದ್ದರು. ಅವರು ಕ್ರೈಸ್ತರು, ದನಗಳ ಜಾತ್ರೆಯನ್ನು ನೋಡುವ ಆಸೆಯಿಂದ ಬಂದವರು. ಮರಳನ್ನು ತೋರಿಸಿ ಅವರಿಗೆ ಅಲಮೇಲಮ್ಮನ ಕಥೆಯನ್ನು ಹೇಳಿದೆವು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ತರುವಾಯ, ಒಡವೆಗಳಿಗಾಗಿ ರಾಜಭಟರು ಬೆನ್ನಟ್ಟಲು, ಆ ಸಾಧ್ವಿಯು ಶಪಿಸಿ ಮಾಲಂಗಿಯ ಮಡುವಿಗೆ ಹಾರಿದಳೆಂಬುದು ಐತಿಹ್ಯ. ಮರಳಿಗೆ ಗಾಳಿಯನ್ನೂ ನದಿಯನ್ನೂ ಕಾರಣವಾಗಿ ವಿದ್ವಾಂಸರು ಹೇಳುವರು, ಅದು ಹಾಗಿರಲಿ. ನಾಲ್ಕು ಶತಮಾನಗಳು ಕಳೆದರೂ ಆ ಶಾಪವನ್ನು ಈ ಸೀಮೆಯ ಮಕ್ಕಳೂ ಬಲ್ಲರು.

ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. "ಆಕೆಯ ಕೋಪ ನ್ಯಾಯವಾದುದೇ, ಶಾಸ್ತ್ರಿಗಳೇ. ಆದರೆ ಯೇಸುಸ್ವಾಮಿ ನಮಗೆ ಕಲಿಸಿದ ಪ್ರಾರ್ಥನೆಯಲ್ಲಿ, ನಾವು ಅನ್ಯರನ್ನು ಕ್ಷಮಿಸಿದಂತೆಯೇ ನಮ್ಮನ್ನೂ ಕ್ಷಮಿಸೆಂದು ಬೇಡಬೇಕು. ದಿನವೂ ಆ ಎಡೆಗೆ ಬಂದಾಗ ನನ್ನ ನಾಲಗೆ ತೊದಲುತ್ತದೆ" ಎಂದರು. ಮತ್ತಾಯನ ಗ್ರೀಕ್ ಮೂಲದಲ್ಲಿ ಅಲ್ಲಿ ಪಾಪವೆಂಬುದಕ್ಕೆ ಸಾಲವೆಂಬ ಶಬ್ದವೇ ಇದೆಯಂತೆ; ಕ್ಷಮಿಸುವುದೆಂದರೆ ಬಿಟ್ಟುಬಿಡುವುದಂತೆ.

ಈ ಮಾತು ನಮ್ಮನ್ನು ತಟ್ಟಿತು. ನಮ್ಮ ಧಾತುಪಾಠವು ಕ್ಷಮ್ ಧಾತುವಿಗೆ ಸಹನೆಯೆಂದು ಅರ್ಥ ಹೇಳುತ್ತದೆ. ಎಲ್ಲವನ್ನೂ ಹೊರುವ ಭೂಮಿಗೂ ಕ್ಷಮಾ ಎಂದೇ ಹೆಸರು. ಸಹಿಸಿದೆವು, ಆದುದರಿಂದ ಕ್ಷಮಿಸಿದೆವು ಎಂದು ನಾವು ಇಷ್ಟು ಕಾಲ ಬಗೆದಿದ್ದೆವು. ಸಾಲಗಾರನನ್ನು ಗದರಿಸದೆ ಸಹಿಸುವುದು ಬೇರೆ, ಪತ್ರವನ್ನು ಹರಿದು ಹಾಕುವುದು ಬೇರೆ.

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಎಂಬ ಪಾದ್ರಿಯವರನ್ನೂ, ಫಿಲಿಪ್, ತಿಮೋತಿ ಎಂಬ ಇಬ್ಬರು ಎಳೆಯ ಗಂಡುಮಕ್ಕಳನ್ನೂ ವಾಹನದಲ್ಲಿ ಮಲಗಿದ್ದಂತೆಯೇ ಸುಟ್ಟರು. ಅವರ ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆನೆಂದರು. ಬಾರಿಪದದಲ್ಲಿಯೇ ನಿಂತು ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. 2005ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀ ನೀಡಿತು. ಇದನ್ನು ನೆನೆದಾಗ ನಮ್ಮ ಕಣ್ಣು ಒದ್ದೆಯಾಗುತ್ತದೆ. ಆದರೆ ಅಂತಹ ಘೋರಾಪರಾಧವನ್ನು ಕ್ಷಮಿಸಿದವರನ್ನು ಕೊಂಡಾಡುವ ನಾವೇ ಒಂದು ಮೂಗರ್ಜಿಯನ್ನು ಇಪ್ಪತ್ತೆರಡು ವರ್ಷಗಳಿಂದ ಕ್ಷಮಿಸಲಾರದೆ ಇದ್ದೇವೆ.

ಅದನ್ನು ಬರೆದವರು ನಮ್ಮ ಬೀದಿಯವರೇ. ಅಕ್ಷರವನ್ನು ನಾವು ಬಲ್ಲೆವು. ವಿಚಾರಣೆಯಾಯಿತು, ಒಂದು ವರ್ಷದ ವೇತನ ಬಡ್ತಿ ನಿಂತಿತು. ಅವರು ನಮಸ್ಕರಿಸಿದರೆ ನಾವೂ ನಮಸ್ಕರಿಸುತ್ತೇವೆ. ಬಂದರೆ ಮಜ್ಜಿಗೆ ಕೊಡಿಸುತ್ತೇವೆ. ಆದರೆ ಅವರ ಮಗನ ವ್ಯಾಪಾರ ಮುಳುಗಿತೆಂದು ಕೇಳಿದ ದಿನ ಊಟ ರುಚಿಸಿತೆಂಬುದನ್ನು ಬರೆಯದೆ ಇದ್ದರೆ ಈ ಲೇಖನವೇ ಸುಳ್ಳಾಗುವುದು.

ಇದನ್ನು ಹೇಳಿಕೊಂಡಾಗ ಮಿತ್ರರು ಮತ್ತಾಯನ ಹದಿನೆಂಟನೆಯ ಅಧ್ಯಾಯದ ಕಥೆಯನ್ನು ನೆನಪಿಸಿದರು. ಹತ್ತು ಸಾವಿರ ತಲಾಂತುಗಳ ಸಾಲವನ್ನು ಒಡೆಯನು ಬಿಟ್ಟುಕೊಟ್ಟರೆ, ಬಿಡಿಸಿಕೊಂಡ ಸೇವಕನು ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದನು. ಮೇಷ್ಟರ ಬುದ್ಧಿ, ಲೆಕ್ಕ ಹಾಕಿದೆವು. ಒಂದು ದಿನಾರಿಯು ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ. ಸೇವಕನು ತೀರಿಸಬೇಕಾಗಿದ್ದುದು ಆರು ಕೋಟಿ ದಿನಗಳ ಕೂಲಿ. ಆದರೂ ನೂರು ದಿನಗಳ ಕೂಲಿಯು ಬಡವನಿಗೆ ಅಲ್ಪವಲ್ಲ. ನಷ್ಟವೇ ಆಗಿಲ್ಲವೆಂದು ಆ ಕಥೆಯು ಹೇಳುವುದಿಲ್ಲ. ಇದು ನಮಗೆ ಸಮಾಧಾನವನ್ನು ಕೊಟ್ಟಿತು. ನಮ್ಮ ಮೇಲಿರುವ ದೊಡ್ಡ ಸಾಲ ಯಾವುದೆಂಬುದು ಮಾತ್ರ ಹೊಳೆಯಲಿಲ್ಲ.

ಮೆಟ್ಟಲಿಳಿಯುವಾಗ ಹೊಳೆಯಿತು. ಎತ್ತುಗಳನ್ನು ಮಾರಲು ಬಂದಿದ್ದ ಒಬ್ಬ ರೈತನು ಓಡಿಬಂದು ನಮ್ಮ ಕೈ ಹಿಡಿದು ಇಳಿಸಿದನು. ನಮ್ಮ ಶಿಷ್ಯನೇ. ಅವನು ಏಳನೆಯ ತರಗತಿಯಲ್ಲಿದ್ದಾಗ ಪ್ರವಾಸಕ್ಕೆಂದು ಕೂಡಿಸಿದ್ದ ಹಣ ಕಾಣೆಯಾಗಲು, ಅವನೇ ಕದ್ದನೆಂದು ಎಲ್ಲರೆದುರಿಗೆ ಬೆತ್ತದಿಂದ ಹೊಡೆದಿದ್ದೆವು. ಎರಡು ದಿನಗಳಾದ ಮೇಲೆ ಆ ಹಣವು ನಮ್ಮ ಅಮರಕೋಶದ ಪುಟಗಳ ನಡುವೆಯೇ ಸಿಕ್ಕಿತು. ತರಗತಿಯಲ್ಲಿ ಅದನ್ನು ಹೇಳಲು ನಮಗೆ ಬಾಯಿ ಬರಲಿಲ್ಲ. ಅಂದಿನಿಂದ ಇಂದಿನವರೆಗೂ ಬಂದಿರಲಿಲ್ಲ. ಕೆಳಗಿನ ಮೆಟ್ಟಲಿನ ಮೇಲೆ ನಿಂತು, ಮಿತ್ರರ ಎದುರಿನಲ್ಲಿಯೇ, ಎಲ್ಲವನ್ನೂ ಹೇಳಿ ತಪ್ಪಾಯಿತೆಂದೆವು.

ಅವನು ತಲೆ ತಗ್ಗಿಸಿ ಹೆಗಲ ಟವಲನ್ನು ಸರಿಮಾಡಿಕೊಂಡನು. "ದುಡ್ಡು ಸಿಕ್ಕಿದ್ದು ನಂಗೆ ಆಗ್ಲೇ ಗೊತ್ತಿತ್ತು ಮೇಷ್ಟ್ರೇ. ಪುಸ್ತಕದಿಂದ ತೆಗ್ದಿದ್ದ ಕಿಟಕೀಲಿ ನೋಡಿದ್ದೆ. ಬುಡಿ" ಎಂದು, ಎತ್ತುಗಳನ್ನು ಒಬ್ಬ ಹುಡುಗನ ವಶಕ್ಕೆ ಬಿಟ್ಟು ಬಂದಿರುವೆನೆಂದು ಹೇಳಿ ಹೊರಟುಹೋದನು. ಮಿತ್ರರು ನಮ್ಮ ಮುಖವನ್ನು ನೋಡಿದರು. ಗ್ರೀಕಿನ ಮಾತನ್ನು ಎತ್ತಲಿಲ್ಲ.

ಮುಂದಿನ ವಾರ ಮೂಗರ್ಜಿಯವರು ಮೊಮ್ಮಗಳ ನಾಮಕರಣಕ್ಕೆ ಮುಹೂರ್ತ ಕೇಳಲು ಬಂದರು. ಜಗಲಿಯಲ್ಲಿ ನಿಲ್ಲಿಸಿಯೇ ಹೇಳಿ ಕಳುಹಿಸುವುದು ನಮ್ಮ ರೂಢಿ. ಅಂದು ಒಳಗೆ ಕರೆದು ಕುರ್ಚಿ ಕೊಟ್ಟೆವು. ಪಂಚಾಂಗವನ್ನು ತಿರುವುತ್ತಿದ್ದಾಗ ನಿಂತುಹೋದ ಬಡ್ತಿಯ ಮೊತ್ತವು ರೂಪಾಯಿ ಪೈಸೆಗಳ ಸಹಿತ ನೆನಪಿಗೆ ಬಂದಿತು. ಒಂದು ಒಳ್ಳೆಯ ನಕ್ಷತ್ರವನ್ನು ಹುಡುಕಿಕೊಟ್ಟೆವು.