ಉತ್ತಮ ಪುರುಷನ ವಿಮೆ

ಕಾಸರಗೋಡಿನಿಂದ ಹೋಗಿ ಮಂಗಳೂರಿನಲ್ಲಿ ಆ್ಯಪ್ ಮೂಲಕ ಸ್ವಂತ ಕಾರನ್ನು ಬಾಡಿಗೆಗೆ ಓಡಿಸುವ ನನ್ನ ಅಣ್ಣ, ಕಳೆದ ಮಳೆಗಾಲದಲ್ಲಿ ಮರಕ್ಕೆ ಢಿಕ್ಕಿ ಹೊಡೆದು ಕಾಲು ಮುರಿದುಕೊಂಡನು. “ಇನ್ಶೂರೆನ್ಸ್ ಉಂಟಲ್ಲ, ಓದಿ ಹೇಳು” ಎಂದು ಆಸ್ಪತ್ರೆಯಲ್ಲಿ ಇಂಗ್ಲಿಷ್ ಪಾಲಿಸಿಯನ್ನು ನನ್ನ ಕೈಗಿತ್ತನು.

1988ರ ಮೋಟಾರು ವಾಹನ ಕಾಯಿದೆ ಕಡ್ಡಾಯಗೊಳಿಸಿದ ವಿಮೆ ಮುಖ್ಯವಾಗಿ ಮೂರನೆಯವರಿಗೆ. ಮಾಲೀಕ-ಚಾಲಕನಿಗಿರುವ, 2018ರಲ್ಲಿ 15 ಲಕ್ಷ ರೂಪಾಯಿಗೇರಿದ ಅಪಘಾತ ರಕ್ಷೆ ಮರಣಕ್ಕೆ, ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಕೂಡಿಕೊಳ್ಳುವ ಮೂಳೆಗೆ, ದುಡಿಮೆಯಿಲ್ಲದ ತಿಂಗಳುಗಳಿಗೆ ಬೇರೆಯೇ ವಿಮೆ ಬೇಕು.

ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ. ಆ ಕಾಗದದಲ್ಲಿ ಚುಕ್ಕಾಣಿ ಹಿಡಿದ ‘ನಾನು’ ಎಲ್ಲರಿಗಿಂತ ಕೊನೆಯವನು.

ಕನ್ನಡದಲ್ಲಿ ಬಿಡಿಸಿ ಹೇಳಿದೆ. “ಮೊದಲೇ ಓದಿಸಬೇಕಿತ್ತು” ಎಂದನು. ಪ್ರತಿವರ್ಷವೂ ಆ ಕಾಗದ ನಮ್ಮ ಕಪಾಟಿನಲ್ಲೇ ಇರುತ್ತಿತ್ತು. ಓದುಬಲ್ಲ ನಾನು ಒಮ್ಮೆಯೂ ತೆರೆದಿರಲಿಲ್ಲ.