ಪಡಿಯಚ್ಚೂ ಓದೂ

ನಮ್ಮ ಸಂಘದ ಕಪಾಟಿನ ಕೆಳಖಾನೆಯಲ್ಲಿ ಬಹುಕಾಲ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರೊಳಗೆ ಏಳು ಫ್ಲಾಪಿಗಳು. ಅಕ್ಕಲಕೋಟೆ ಸೀಮೆಯ ಹಳ್ಳಿಗಳನ್ನು ಸೈಕಲ್ಲಿನ ಮೇಲೆ ಸುತ್ತಿ ಬೀಸುವ ಪದಗಳನ್ನು ಬರೆದುಕೊಂಡಿದ್ದ ನಮ್ಮ ಸಹೋದ್ಯೋಗಿ ಮಿತ್ರರು, 1998ರಲ್ಲಿ ಸೊಲ್ಲಾಪುರದ ಮುದ್ರಣಾಲಯವೊಂದರಲ್ಲಿ ಅವನ್ನೆಲ್ಲ ಅಕ್ಷರ ಜೋಡಣೆ ಮಾಡಿಸಿದ್ದರು. ಹಣ ಕೂಡಿ ಬರಲಿಲ್ಲ, ಪುಸ್ತಕವಾಗಲಿಲ್ಲ. ಕೈಬರಹದ ವಹಿಗಳು ಗೆದ್ದಲಿನ ಪಾಲಾದವು. ಮಿತ್ರರೂ ತೀರಿಕೊಂಡರು. ಉಳಿದದ್ದು ಈ ಏಳು ಕಪ್ಪು ಚೌಕಗಳು ಮಾತ್ರ.

ಅವನ್ನು ತೂರಿಸುವ ಬಾಯಿ ಈಗಿನ ಯಾವ ಕಂಪ್ಯೂಟರಿಗೂ ಇಲ್ಲವೆಂದು ತಿಳಿದಾಗ ನಾವು ಕೈಚೆಲ್ಲಿದ್ದೆವು. ಪುಣೆಯಲ್ಲಿ ಎಂಜಿನಿಯರ್ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ದೀಪಾವಳಿಗೆ ಊರಿಗೆ ಬಂದಾಗ ಡಬ್ಬಿಯನ್ನು ಕಂಡು, "ಸರ್, ಮೊದಲ ಇದನ್ನ ಓದಾಕ ಹೋಗೂದ್ ಬ್ಯಾಡ್ರೀ, ಪಡಿಯಚ್ಚು ತಗಿಯೂಣ್ರೀ" ಎಂದನು. ಹಳೆಯ ಮಿನಿ ಕಂಪ್ಯೂಟರುಗಳ ಅಧ್ಯಯನ ಅವನ ಹವ್ಯಾಸ. ಅಂದು ಸಂಜೆ ಅವನು ಗುರು, ನಾವು ಶಿಷ್ಯರು.

ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1970ರಲ್ಲಿ ಪಿಡಿಪಿ-11 ಎಂಬ ಯಂತ್ರವನ್ನು ಹೊರತಂದಿತು. ಹೆಸರಿಗೆ ಮಿನಿ, ಗಾತ್ರದಲ್ಲಿ ನಮ್ಮ ಶಾಲೆಯ ಕಪಾಟಿನಷ್ಟು. ಅದಕ್ಕೆ ಜೋಡಿಸುತ್ತಿದ್ದ ಆರ್‌ಕೆ-05 ಎಂಬ ಡಿಸ್ಕಿನ ತಟ್ಟೆ 14 ಅಂಗುಲ ಅಗಲ. ಅದರಲ್ಲಿ ಹಿಡಿಯುತ್ತಿದ್ದುದು 24,94,464 ಬೈಟುಗಳು, ಇಂದಿನ ಒಂದು ಛಾಯಾಚಿತ್ರದಷ್ಟು. ಆ ತಟ್ಟೆಯನ್ನು ಹೊಸ ಯಂತ್ರಕ್ಕೆ ಹಾಕಲಾಗದು. ಆದುದರಿಂದ ಹಳೆಯ ಯಂತ್ರವನ್ನೇ ರಿಪೇರಿ ಮಾಡಿ, ಅದರಿಂದಲೇ ಓದಿಸಿ, ತಂತಿಯೊಂದರ ಮೂಲಕ ಹೊಸ ಯಂತ್ರಕ್ಕೆ ಕಳುಹಿಸಬೇಕು. ಸಣ್ಣ ಸಣ್ಣ ಪೊಟ್ಟಣಗಳಾಗಿ ಕಳುಹಿಸುವುದು; ಪ್ರತಿ ಪೊಟ್ಟಣದ ಜೊತೆಗೆ ಅದರ ಮೊತ್ತದ ತಾಳೆ; ತಾಳೆಯಾಗದಿದ್ದರೆ ಮತ್ತೆ ಕಳುಹಿಸುವುದು. ಸೆಕೆಂಡಿಗೆ 960 ಬೈಟುಗಳಂತೆ ಹರಿದರೆ ಇಡೀ ಡಿಸ್ಕು ದಾಟಲು ಸುಮಾರು 43 ನಿಮಿಷ ಬೇಕೆಂದು ನಾವು ಅಲ್ಲಿಯೇ ಲೆಕ್ಕ ಮಾಡಿ ಹೇಳಿದಾಗ ಶಿಷ್ಯನು ನಕ್ಕನು. ಹೀಗೆ ಬಂದ ಪಡಿಯಚ್ಚನ್ನು ಬಾಬ್ ಸುಪ್ನಿಕ್ ಎಂಬವರು 1993ರಲ್ಲಿ ಆರಂಭಿಸಿದ ಸಿಮ್‌ಎಚ್ ಎಂಬ ತಂತ್ರಾಂಶಕ್ಕೆ ಕೊಟ್ಟರೆ, ಮಡಿಲ ಮೇಲಿನ ಲ್ಯಾಪ್‌ಟಾಪೇ ಪಿಡಿಪಿ-11ರಂತೆ ನಟಿಸುತ್ತದೆ. ಅಲ್ಲಿ ಸಿದ್ಧಪಡಿಸಿದ ಪಡಿಯಚ್ಚನ್ನು ಅದೇ ತಂತಿಯಿಂದ ಹಳೆಯ ತಟ್ಟೆಗೆ ಮರಳಿ ಬರೆಯಲೂಬಹುದು.

ಬೇಕಾದ ಬರಹವನ್ನಷ್ಟೇ ನಕಲು ಮಾಡಿದರೆ ಸಾಲದೇ ಎಂದು ನಾವು ಕೇಳಿದೆವು. ಅವನ ಉತ್ತರ ನಮ್ಮ ವೃತ್ತಿಗೇ ಹೊಂದುವಂತಿತ್ತು. ಜನರಲ್ ರಜಿಸ್ಟರಿನಿಂದ ಒಬ್ಬ ಹುಡುಗನ ದಾಖಲೆಯನ್ನು ಬರೆದುಕೊಡುವುದು ಬೇರೆ. ಕಾಟು ಹೊಡೆದ ಸಾಲು, ಖಾಲಿ ಹಾಳೆ, ಮಸಿಯ ಕಲೆ ಸಹಿತ ಇಡೀ ರಜಿಸ್ಟರಿನ ಪ್ರತಿ ತೆಗೆಯುವುದು ಬೇರೆ. ಯಾವುದು ಮುಖ್ಯ ಎಂಬ ತೀರ್ಮಾನವನ್ನು ಪಡಿಯಚ್ಚು ಮುಂದಿನವರಿಗೆ ಬಿಡುತ್ತದೆ.

ಆದರೆ ಪಡಿಯಚ್ಚು ಬಂದ ಮಾತ್ರಕ್ಕೆ ಓದು ಬರುವುದಿಲ್ಲ. ಪಿಡಿಪಿ-11 ಎರಡೆರಡು ಬೈಟುಗಳನ್ನು ಒಂದು ಪದವಾಗಿ ಹಿಡಿದು, ಕಿರಿಯ ಬೈಟನ್ನು ಮೊದಲಿಡುತ್ತದೆ. ಹಿರಿಯದನ್ನು ಮೊದಲಿಡುವ ಯಂತ್ರಕ್ಕೆ ಅದನ್ನು ಹಾಗೆಯೇ ಒಯ್ದರೆ ಜೋಡಿಗಳು ತಿರುವುಮುರುವಾಗುತ್ತವೆ. ಯುನಿಕ್ಸ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳು ಸ್ಥಾನ ಬದಲಿಸಿ 'ನುಕ್ಸಿ' ಎಂದು ಕಾಣಿಸಿಕೊಂಡ ಕಥೆ ಆ ವಲಯದಲ್ಲಿ ಪ್ರಸಿದ್ಧ. ಒಂದು ಅಕ್ಷರವೂ ಕಳೆದಿರಲಿಲ್ಲ. ಕಳೆದದ್ದು ಓದುವ ಕ್ರಮ.

ಮರುತಿಂಗಳು ಅವನು ಹೊರಗಿನಿಂದ ಜೋಡಿಸುವ ಫ್ಲಾಪಿ ಡ್ರೈವನ್ನು ತಂದನು. ಪ್ರತಿ ಫ್ಲಾಪಿಯಲ್ಲಿ 512 ಬೈಟುಗಳ 2880 ಖಂಡಗಳು. ಆರು ಫ್ಲಾಪಿಗಳು ಪೂರ್ತಿ ಬಂದವು. ಏಳನೆಯದರಲ್ಲಿ ಎರಡು ಖಂಡಗಳು ಎಷ್ಟು ಸಲ ತಿರುಗಿಸಿದರೂ ಬಾಯಿ ಬಿಡಲಿಲ್ಲ. ಬರಹವನ್ನು ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ನಮ್ಮ ತಲೆಕಟ್ಟು, ಒತ್ತು, ದೀರ್ಘಗಳನ್ನು ಕುಳ್ಳಿರಿಸಿದ್ದವು. ಅದೇ ಫಾಂಟು ದೊರೆತ ಮೇಲೆಯೇ ಕನ್ನಡ ಕಾಣಿಸಿದ್ದು.

ಅದನ್ನು ಯುನಿಕೋಡಿಗೆ ತಿರುಗಿಸಿದಾಗ ಮತ್ತೊಂದು ತೊಡಕು. 'ಸೂರ್ಯ' ಎಂಬಲ್ಲಿ 'ಸೂಯ೯', 'ಧರ್ಮ' ಎಂಬಲ್ಲಿ 'ಧಮ೯'. ಹಳೆಯ ಫಾಂಟು ಕಣ್ಣಿಗೆ ಕಾಣುವಂತೆ ಅರ್ಕಾವೊತ್ತನ್ನು ಕೊನೆಗಿಟ್ಟರೆ, ಯುನಿಕೋಡು ಉಚ್ಚಾರದಂತೆ ರಕಾರವನ್ನು ಮೊದಲಿಡುತ್ತದೆ. ಈ ಲೆಕ್ಕ ತಿಳಿಯದ ಪರಿವರ್ತನೆಗೆ ಅರ್ಕಾವೊತ್ತು ಒಂಬತ್ತರ ಅಂಕೆಯಾಯಿತು. ನಮ್ಮ ಮನೆಯಲ್ಲಿಯೂ ನುಕ್ಸಿ! ಇದನ್ನು ತಿದ್ದಲು ಕನ್ನಡ ಬಲ್ಲ ಕಣ್ಣುಗಳೇ ಬೇಕಾದವು. ನಾವು ಮೂವರು ನಿವೃತ್ತರು ನಾಲ್ಕು ತಿಂಗಳು ಕೆಂಪು ಪೆನ್ನು ಹಿಡಿದು ಕುಳಿತೆವು.

ಬಾಯಿ ಬಿಡದ ಎರಡು ಖಂಡಗಳಲ್ಲಿ ಒಂದು ಹಾಡಿನ ಬಾಲವೂ ಇನ್ನೊಂದರ ತಲೆಯೂ ಹೋಗಿದ್ದವು. ಎಂಬತ್ತೆರಡರ ನಮ್ಮ ಅಕ್ಕನ ಮುಂದೆ ಉಳಿದ ಸಾಲುಗಳನ್ನು ಓದಿದೆವು. ಮೊದಲನೆಯದನ್ನು ಅವಳು ಕಣ್ಣು ಮುಚ್ಚಿ ಪೂರ್ತಿ ಮಾಡಿದಳು. ಎರಡನೆಯದಕ್ಕೆ ಬಹಳ ಹೊತ್ತು ಸುಮ್ಮನಿದ್ದು, "ಇದು ಅವ್ವಗ ಬರ್ತಿತ್ತಪ್ಪಾ, ನನಗ ಬರಂಗಿಲ್ಲ" ಎಂದಳು. ಪ್ರತಿಯಲ್ಲಿ ಆ ಜಾಗವನ್ನು ಖಾಲಿಯಾಗಿಯೇ ಬಿಟ್ಟಿದ್ದೇವೆ.

ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮ ಅಟ್ಟದ ಮೇಲೆ ಫ್ಲಾಪಿಯೋ ಕ್ಯಾಸೆಟ್ಟೋ ಇದ್ದರೆ ಎಸೆಯದೆ ಸಂಘಕ್ಕೆ ತನ್ನಿರಿ, ಪಡಿಯಚ್ಚು ತೆಗೆಯೋಣ. ಅದರೊಂದಿಗೆ ಮನೆಯ ಮೊಮ್ಮಗುವಿಗೆ ಕನ್ನಡದ ಕಾಗುಣಿತವನ್ನೂ ಕಲಿಸಿರಿ. ಗಡಿಯೀಚೆಯ ನಮ್ಮ ಹಾಡುಗಳನ್ನು ಯಂತ್ರಗಳು ಒಂದರಿಂದೊಂದಕ್ಕೆ ದಾಟಿಸಬಲ್ಲವು; 'ಸೂಯ೯' ಎಂದು ಕಂಡಲ್ಲಿ ಸೂರ್ಯನನ್ನು ಗುರುತಿಸಲು ಮನೆಯಲ್ಲೊಬ್ಬರು ಬೇಕು.