ಅಪ್ಪನ ಮೈಕ್‌ಸೆಟ್ಟು, ನನ್ನ ಫೈವ್ ಪಾಯಿಂಟ್ ಒನ್ನು

ರಾಕ್ ಸಂಗೀತವನ್ನ ಸರೌಂಡ್ ಸೌಂಡಲ್ಲಿ ಕೇಳಬೇಕು ಅನ್ನೋ ಹುಚ್ಚು ನನಗೆ ಹಿಡಿದು ನಾಲ್ಕು ವರ್ಷ ಆಯ್ತು. ಹೆಡ್‌ಫೋನ್ ಹಾಕ್ಕೊಂಡು ಕೇಳೋದಲ್ಲ. ಮುಂದೆ ಮೂರು ಸ್ಪೀಕರ್, ಹಿಂದೆ ಎರಡು, ಮೂಲೇಲಿ ಒಂದು ಸಬ್‌ವೂಫರ್ ಇಟ್ಟು ನಡುವೆ ಕೂತು ಕೇಳೋದು. ಬೆಂಗಳೂರಿನ ಬಾಡಿಗೆ ರೂಮಲ್ಲಿ ಇದು ಆಗದ ಮಾತು, ಗೋಡೆ ಆಚೆಗೇ ಓನರ್ ಮನೆ. ಹಾಗಾಗಿ ಸೆಟ್ ಇರೋದು ಊರಲ್ಲಿ. ಊರು ಅಂದ್ರೆ ಜವನಗೊಂಡನಹಳ್ಳಿ. ಶಿರಾ ದಾಟಿ ಹಿರಿಯೂರಿಗೆ ಹೋಗುವಾಗ ಹೈವೇಲಿ ಸಿಗುತ್ತಲ್ಲ, ಅದೇ. ಹುಬ್ಬಳ್ಳಿ ಕಡೆ ಹೋಗೋರೆಲ್ಲ ಅದನ್ನ ದಾಟೇ ಇರ್ತಾರೆ, ಬಸ್ಸಲ್ಲಿ ನಿದ್ದೆ ಹೊಡೀತಾ ಇರ್ತಾರೆ ಅಷ್ಟೆ :)

ನಮ್ಮ ಮನೆ ಹಿಂದಿನ ಕೋಣೇಲಿ ಶೇಂಗಾ ಚೀಲ ಪೇರಿಸಿಡ್ತೀವಿ. ದುಡ್ಡು ಕೊಟ್ಟು ಗೋಡೆಗೆ ಫೋಮ್ ಅಂಟಿಸೋರು ಒಮ್ಮೆ ಬಂದು ಆ ಕೋಣೆ ನೋಡಬೇಕು. ಚಪ್ಪಾಳೆ ತಟ್ಟಿದ್ರೆ ಪ್ರತಿಧ್ವನಿನೇ ಬರಲ್ಲ!

ಅಪ್ಪನಿಗೂ ಸೌಂಡಿಗೂ ಹಳೇ ನಂಟು. ಮೂವತ್ತು ವರ್ಷ ಸುತ್ತಮುತ್ತಲ ಹಳ್ಳಿಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟವರು. ಮದುವೆ, ಜಾತ್ರೆ, ಬಯಲಾಟ, ಎಲೆಕ್ಷನ್ನು... ಎರಡು ಆಂಪ್ಲಿಫೈಯರ್, ಆರು ಹಾರನ್, ಒಂದು ಬ್ಯಾಟರಿ. ಈಗ ಡಿಜೆ ಕಾಲ, ಹಾರನ್ ಯಾರಿಗೂ ಬೇಡ. ಹೋದ ವರ್ಷ ಅವನ್ನ ಗುಜರಿಗೆ ಹಾಕಿದ್ರು. ಅದೇ ವರ್ಷ ಕಿವಿ ಪರೀಕ್ಷೆನೂ ಆಯ್ತು. ಡಾಕ್ಟರು ಕೊಟ್ಟ ಗ್ರಾಫಲ್ಲಿ ಗೆರೆ 2,000 ಹರ್ಟ್ಸ್ ತನಕ ಪರವಾಗಿಲ್ಲ, ಆಮೇಲೆ ಬಾವಿಗೆ ಬಿದ್ದ ಹಾಗೆ ಇಳಿದಿದೆ. ಬಲಗಿವಿ ಎಡಗಿವಿಗಿಂತ ಕಡೆ. ಜೋರು ಶಬ್ದದ ಪಕ್ಕ ವರ್ಷಗಟ್ಟಲೆ ನಿಂತೋರಿಗೆ ಮೊದಲು ಹೋಗೋದು 4,000 ಹರ್ಟ್ಸ್ ಆಸುಪಾಸಿಂದೇ ಅಂತೆ. ಹೋಗಿದ್ದು ವಾಪಸ್ ಬರಲ್ಲ, ಉಳಿದಿದ್ದನ್ನ ಕಾಪಾಡ್ಕೊಳ್ಳಿ ಅಂದ್ರು.

ಉಳಿದಿರೋ ಕಿವೀಲೇ ಅಪ್ಪ ಇದನ್ನ ಒಂದು ಸಲ ಕೇಳ್ಲಿ ಅಂತ ನನಗೆ ಆಸೆ. ಅಲ್ಲಿಂದ ನನ್ನ ಹುಡುಕಾಟದ ದಾರಿನೇ ಬದಲಾಯ್ತು. ಒಳ್ಳೇ ಸರೌಂಡ್ ಆಲ್ಬಮ್ ಆದ್ರೆ ಸಾಲದು, ಸಿಂಬಲ್ಲು, ಹೈ-ಹ್ಯಾಟು ಕೇಳದೇ ಇರೋ ಮನುಷ್ಯನಿಗೂ ಕೋಣೆ ತುಂಬಬೇಕು. ಎಷ್ಟೋ ಆಲ್ಬಮ್ಮಲ್ಲಿ ಹಿಂದಿನ ಸ್ಪೀಕರಿಗೆ ಹಾಕೋದೇ ಗಿಲಿಗಿಲಿ ಅನ್ನೋ ಸಣ್ಣ ಸದ್ದು. ಅಂಥವು ಅಪ್ಪನ ಪಾಲಿಗೆ ಬರೀ ಸ್ಟೀರಿಯೋ.

ಮೊದಲ ಸಲ ಸೆಟ್ ಜೋಡಿಸುವಾಗ ರಿಸೀವರ್ ಮೆನುವಿನಲ್ಲಿ ಪ್ರತಿ ಸ್ಪೀಕರ್ ಎಷ್ಟು ದೂರ ಅಂತ ಕೇಳ್ತು. ಇದ್ಯಾಕೆ ಅಂತ ಅಪ್ಪನಿಗೆ ವಿವರಿಸೋಕೆ ಬಾಯಿ ತೆಗೆದೆ. "ಗೊತ್ತು ಬಿಡಪ್ಪ, ದೂರದ ಹಾರನ್ನು ಮಾತು ತಡವಾಗಿ ಕೊಡ್ತದೆ. ಒಂದಕ್ಕೊಂದು ದೂರ ಕಟ್ಟಿದ್ರೆ ಭಾಷಣ ಎರಡೆರಡು ಸಲ ಕೇಳ್ತದೆ" ಅಂದ್ರು. ಅಷ್ಟೇ ವಿಷಯ! ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. 34 ಮೀಟರ್ ದೂರದ ಹಾರನ್ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಕೋಣೇಲಿ ಅದೇ ಲೆಕ್ಕ ಮಿಲಿಸೆಕೆಂಡಲ್ಲಿ. ಬಲಗಡೆ ಸ್ಪೀಕರುಗಳನ್ನ ಎಷ್ಟು ಡೆಸಿಬಲ್ ಏರಿಸಿದ್ರೆ ಹಾಡುಗಾರ ನಡುವಿಗೆ ಬರ್ತಾನೆ ಅಂತ ರಿಮೋಟ್ ಹಿಡಿದು ಅವರೇ ಸರಿ ಮಾಡ್ಕೊಂಡ್ರು.

ಶುರು ಮಾಡಿದ್ದು ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದ ಮೂನ್' ಇಂದ. (ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ನಾನಿನ್ನೂ ಅಂಗನವಾಡಿ. ಆಫೀಸಲ್ಲಿ ಸೀನಿಯರ್‌ಗಳು ಇವತ್ತಿಗೂ ಆ ಕಥೆ ಹೇಳಿ ಹೊಟ್ಟೆ ಉರಿಸ್ತಾರೆ.) ಈ ತಂಡಕ್ಕೆ ಸುತ್ತಲಿಂದ ಶಬ್ದ ಕೊಡೋ ಹುಚ್ಚು 1967ರಿಂದಲೇ ಇತ್ತು. 1973ರ ಈ ಆಲ್ಬಮ್ಮಿಗೆ ನಾಲ್ಕು ಸ್ಪೀಕರಿನ ಕ್ವಾಡ್ ಮಿಕ್ಸನ್ನ ಆಗಲೇ ಅಲನ್ ಪಾರ್ಸನ್ಸ್ ಮಾಡಿದ್ರು. 'ಟೈಮ್' ಹಾಡಿನ ಗಡಿಯಾರಗಳನ್ನ ಅವರು ರೆಕಾರ್ಡ್ ಮಾಡಿದ್ದೇ ಕ್ವಾಡ್ ಪ್ರಯೋಗಕ್ಕೆ ಅಂತ. 2003ರಲ್ಲಿ ಜೇಮ್ಸ್ ಗಥ್ರಿ ಮಾಡಿದ 5.1 ಮಿಕ್ಸು ಎಸ್‌ಎಸಿಡಿಯಲ್ಲಿ ಬಂತು. ಶುರುವಿನ ಎದೆಬಡಿತ ಸಬ್‌ವೂಫರಿಂದ ಬಂದಾಗ ಅಪ್ಪ ಕುರ್ಚಿ ಕೈ ಹಿಡ್ಕೊಂಡ್ರು. ಗಡಿಯಾರ ಎಲ್ಲಾ ಒಟ್ಟಿಗೆ ಹೊಡ್ಕೊಂಡಾಗ ಹಿಂದೆ ತಿರುಗಿ ನೋಡಿದ್ರು. ತಿರುಗಿದ್ರಲ್ಲ, ನನಗೆ ಅದು ಸಾಕಾಗಿತ್ತು.

ಒಂದು ಪ್ರಸಿದ್ಧ ಲೈವ್ ಡಿವಿಡಿ ಹಾಕಿದೆ. ಹೆಸರು ಬೇಡ. ಹಿಂದಿನ ಎರಡು ಸ್ಪೀಕರಲ್ಲಿ ಬರೀ ಜನರ ಗಲಾಟೆ. "ಚಪ್ಪಾಳೆ ಹೊಡೆಯೋಕೆ ಎರಡು ಸ್ಪೀಕರ್ ಖರ್ಚಾ?" ಅಂದ್ರು. ಲೈವ್ ಡಿಸ್ಕುಗಳ ಬಗ್ಗೆ ಇದಕ್ಕಿಂತ ಚೆನ್ನಾಗಿ ಬರೆದಿರೋ ವಿಮರ್ಶೆ ನಾನು ಓದಿಲ್ಲ.

ಕಿಂಗ್ ಕ್ರಿಮ್ಸನ್ನಿನ 1969ರ ಮೊದಲ ಆಲ್ಬಮ್ಮನ್ನ ಸ್ಟೀವನ್ ವಿಲ್ಸನ್ 2009ರಲ್ಲಿ 5.1ಗೆ ಮಿಕ್ಸ್ ಮಾಡಿದ್ದಾರೆ. ಜೆಥ್ರೋ ಟಲ್, ಯೆಸ್, ಇವರ ಹಳೇ ಆಲ್ಬಮ್ಮುಗಳಿಗೂ ಅವರದೇ ಕೈ. ವಿಲ್ಸನ್ ಹೆಸರಿದ್ರೆ ನಾನು ಕಣ್ಣುಮುಚ್ಚಿ ತಗೋತೀನಿ, ವಾದ್ಯಗಳನ್ನ ಸುತ್ತ ಹಂಚ್ತಾರೆ, ಆದ್ರೆ ಹಾಡು ಒಡೆಯಲ್ಲ. 'ಎಪಿಟಾಫ್'ನಲ್ಲಿ ಮೆಲ್ಲೊಟ್ರಾನ್ ಸುತ್ತ ಏಳುವಾಗ ಅಪ್ಪ ಹಾರ್ಮೋನಿಯಂ ಅಂದ್ಕೊಂಡ್ರು, ಬಯಲಾಟದ ಹಿಮ್ಮೇಳ ನೆನಪಾಯ್ತಂತೆ.

ಅವರಿಗೆ ನಿಜಕ್ಕೂ ಹಿಡಿಸಿದ್ದು ನಾನು ಎಣಿಸದೇ ಇದ್ದದ್ದು, ಟಾಕಿಂಗ್ ಹೆಡ್ಸ್‌ನ 'ರಿಮೇನ್ ಇನ್ ಲೈಟ್'. 1980ರದ್ದು. ಇದರ 5.1 ಮಿಕ್ಸಲ್ಲಿ ತಂಡದ ಜೆರ್ರಿ ಹ್ಯಾರಿಸನ್ನೇ ಕೂತಿದ್ರು. ಅದರ ಹಾಡುಗಳೆಲ್ಲ ಸಣ್ಣ ಸಣ್ಣ ತುಣುಕುಗಳು ಮತ್ತೆ ಮತ್ತೆ ತಿರುಗಿ, ಒಂದರ ಮೇಲೊಂದು ಕೂತು ಆಗಿರೋವು. ಸ್ಟೀರಿಯೋದಲ್ಲಿ ಅಪ್ಪನ ಕಿವಿಗೆ ಅದು ಬರೀ ಗೋಜಲು, ನಾನು ಹಾಕಿ ನೋಡಿದೀನಿ. ಒಂದೊಂದು ತುಣುಕೂ ಒಂದೊಂದು ದಿಕ್ಕಿಂದ ಬಂದಾಗ ಬಿಡಿಸಿ ಕೇಳಿಸ್ತು. ದಿಕ್ಕು ಬೇರೆಯಾದ್ರೆ ಒಂದು ಶಬ್ದ ಇನ್ನೊಂದನ್ನ ಮುಚ್ಚೋದು ಕಡಿಮೆ ಆಗುತ್ತೆ. ಗದ್ದಲದಲ್ಲಿ ಮಾತು ಹಿಡಿಯೋಕೆ ನಮ್ಮ ಮಿದುಳು ಮಾಡೋದೂ ಇದನ್ನೇ. ಅಪ್ಪ ಕಣ್ಣು ಮುಚ್ಕೊಂಡು, "ತೇರುಮಲ್ಲೇಶ್ವರನ ತೇರಿನ ಹಿಂದೆ ಉರುಮೆಯೋರು ಒಂದ್ಕಡೆ, ತಮಟೆಯೋರು ಒಂದ್ಕಡೆ ಇರ್ತಾರಲ್ಲ, ನಡುವೆ ನಿಂತಂಗೆ ಐತೆ" ಅಂದ್ರು. ಇನ್ನೊಂದ್ಸಲ ಹಾಕು ಅಂದ್ರು. ಹಾಕಿದೆ. ಮೂರನೇ ಸಲಕ್ಕೆ ಕರೆಂಟ್ ಹೋಯ್ತು :(

ಬೀಟಲ್ಸ್ ಬಗ್ಗೆ ಇಂಜಿನಿಯರಾಗಿ ಒಂದು ಮಾತು. 'ಸಾರ್ಜೆಂಟ್ ಪೆಪ್ಪರ್' ರೆಕಾರ್ಡ್ ಆಗಿದ್ದು ನಾಲ್ಕು ಟ್ರ್ಯಾಕಿನ ಮೆಷಿನಲ್ಲಿ. ಟ್ರ್ಯಾಕ್ ತುಂಬಿದಾಗ ಎಲ್ಲ ಸೇರಿಸಿ ಇನ್ನೊಂದು ಟೇಪಿಗೆ ಇಳಿಸ್ತಿದ್ರು. 2017ರಲ್ಲಿ ಜೈಲ್ಸ್ ಮಾರ್ಟಿನ್ ಆ ಇಳಿಸೋಕೆ ಮುಂಚಿನ ಟೇಪುಗಳನ್ನ ಹುಡುಕಿ ಹೊಸ ಮಿಕ್ಸ್ ಮಾಡಿದ್ರು. 2022ರ 'ರಿವಾಲ್ವರ್'ಗೆ ಇನ್ನೂ ಮಜಾ, ಪೀಟರ್ ಜಾಕ್ಸನ್ ತಂಡದ ಸಾಫ್ಟ್‌ವೇರು ಒಂದೇ ಟ್ರ್ಯಾಕಲ್ಲಿ ಅಂಟಿಕೊಂಡಿದ್ದ ವಾದ್ಯಗಳನ್ನ ಬೇರೆ ಮಾಡಿ ಕೊಡ್ತು. ಆಮೇಲೆ ಅಟ್ಮೋಸ್. ತಂತ್ರಜ್ಞಾನ ಅದ್ಭುತ, ಅಪ್ಪನಿಗೆ ಮಾತ್ರ ಹಾಡು ಬೇಗ ಮುಗಿದುಹೋಗುತ್ತೆ ಅಂತ ತಕರಾರು.

2021ರ ಜೂನಲ್ಲಿ ಆಪಲ್ ಮ್ಯೂಸಿಕ್ ಅಟ್ಮೋಸ್ ಶುರು ಮಾಡಿದ ಮೇಲೆ ಡಿಸ್ಕ್ ಹುಡುಕೋ ಕಷ್ಟ ಕಡಿಮೆಯಾಯ್ತು. ಕಾಳಿಗಿಂತ ಜೊಳ್ಳೇ ಜಾಸ್ತಿ ಅನ್ನೋದು ಬೇರೆ ಮಾತು. ಯಾರು ಮಿಕ್ಸ್ ಮಾಡಿದಾರೆ ಅಂತ ಹೆಸರು ನೋಡದೆ ನಾನು ಕೇಳೋಕೆ ಹೋಗಲ್ಲ.

ಕೊನೆಗೆ ಅಪ್ಪ ಕೇಳಿದ್ರು, "ನಮ್ಮ ಕನ್ನಡದ್ದು ಇಂಗೆ ಇಲ್ವೇನಪ್ಪ?" ರಘು ದೀಕ್ಷಿತರ 2008ರ ಆಲ್ಬಮ್ ಇದೆ ನನ್ನ ಹತ್ರ, ಶರೀಫರ ಪದಗಳಿರೋದು. ಆದ್ರೆ ಸ್ಟೀರಿಯೋ. ಅದನ್ನೇ ಹಾಕಿದೆ. ಅಪ್ಪ ಎರಡು ಸಲ ಹಿಂದೆ ತಿರುಗಿ ನೋಡಿದ್ರು, ಅಲ್ಲಿಂದ ಏನೂ ಬರ್ತಿರ್ಲಿಲ್ಲ.

ಸಿನಿಮಾದ್ದಲ್ಲ, ಕನ್ನಡದ ರಾಕ್ ಅಥವಾ ಜನಪದ ತಂಡಗಳದ್ದು, ಮೂಲ ಟ್ರ್ಯಾಕುಗಳಿಂದಲೇ ಮಾಡಿದ ಸರೌಂಡ್ ಮಿಕ್ಸ್ ನಿಮಗೆ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ತಿಳಿಸಿ. ದೀಪಾವಳಿಗೆ ಊರಿಗೆ ಹೋಗ್ತೀನಿ. ಆಗ ಮತ್ತೆ ಕಿವಿ ಪರೀಕ್ಷೆನೂ ಇದೆ.